ಮೂರನೆಯ ಮುದ್ರಣದಲ್ಲಿ ಇಲ್ಲದ ಸೂಚನೆ

‘ಹೊಸಬರಿಗೆ ಸೂಚನೆಗಳು’ ಎಂಬ ನಮ್ಮ ಸಂಘದ ಕೈಪಿಡಿಯ ಮೂರನೆಯ ಮುದ್ರಣದಲ್ಲಿ ಹನ್ನೆರಡು ಸೂಚನೆಗಳಿವೆ. ಮೊದಲನೆಯದಾಗಿ ಇರಬೇಕಾಗಿದ್ದ ಸೂಚನೆ ಅದರಲ್ಲಿಲ್ಲ. ಆ ಸೂಚನೆಯನ್ನು ಬರೆದವಳು ನಾನು. ಅದನ್ನು ತೆಗೆದುಹಾಕಿದ್ದ ಪ್ರೂಫಿಗೆ ಸಹಿ ಹಾಕಿದವಳೂ ನಾನೇ. ಮುಂದೆ ನಾನು ಯಾರ ಮೇಲೆ ಎಷ್ಟೇ ಸಿಟ್ಟು ಮಾಡಿಕೊಂಡರೂ ಓದುವವರು ಈ ಎರಡು ಸಂಗತಿಗಳನ್ನು ನೆನಪಿನಲ್ಲಿ ಇಟ್ಟುಕೊಂಡಿರಬೇಕು.

ನಮ್ಮ ಊರಿನಲ್ಲಿ ಪ್ರತಿ ಮನೆಯೂ ಆಟದಲ್ಲಿ ಒಂದು ಹಡಗು ಇಟ್ಟಿರಬೇಕು. ಹಳೆಯ ಕಚೇರಿಯ ಉದ್ದನೆಯ ಹಜಾರದಲ್ಲಿ ಸಾಲಾಗಿ ಜೋಡಿಸಿರುವ ಇನ್ನೂರ ಹತ್ತು ಕಂಪ್ಯೂಟರುಗಳಲ್ಲಿ ಆಡುವ ಬಾಹ್ಯಾಕಾಶದ ಆಟ ಅದು. ಅಲ್ಲಿ ನಕ್ಷತ್ರಗಳಿವೆ, ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾಯುವ ದ್ವಾರಗಳಿವೆ, ಅದಿರಿನ ಬಂಡೆಗಳಿವೆ, ಎಲ್ಲೆಲ್ಲಿಂದಲೋ ಆಡುವ, ನಾವು ಮುಖ ಕಾಣದ ಸಾವಿರಾರು ಜನರಿದ್ದಾರೆ. ಏಳು ದಿನ ಹಡಗು ಹಾರಿಸದ ಮನೆಯ ನಲ್ಲಿಯಲ್ಲಿ ನೀರು ನಿಲ್ಲುತ್ತದೆ, ಹಡಗು ಸಂಘದ ವಶಕ್ಕೆ ಹೋಗುತ್ತದೆ. ಹಡಗನ್ನು ಕಟ್ಟುವುದು ನಮಗೆ ಬರುವ ಒಂದು ವಿದ್ಯೆಯಿಂದ. ವಿದ್ಯೆ ದೊಡ್ಡದಾದಷ್ಟೂ ಹಡಗು ದೊಡ್ಡದು. ಹಡಗು ಒಡೆದರೆ, ಅದನ್ನು ಯಾರೇ ಹಾರಿಸುತ್ತಿರಲಿ, ಆ ವಿದ್ಯೆ ಕೊಟ್ಟವರಿಂದ ಹೋಗುತ್ತದೆ. ಮತ್ತೆ ಕಲಿತರೂ ಮಾರನೆಯ ಬೆಳಿಗ್ಗೆ ಉಳಿದಿರುವುದಿಲ್ಲ.

ಊರಿನವರು ಇದಕ್ಕೆ ಹೊಂದಿಕೊಂಡು ಬಹಳ ಕಾಲವಾಯಿತು. ಬಸ್ ನಿಲ್ದಾಣದ ಕಂಡಕ್ಟರುಗಳಲ್ಲಿ ಆರು ಮಂದಿಗೆ ಶಿಳ್ಳೆ ಹಾಕಲು ಬರುವುದಿಲ್ಲ, ಅವರು ಬಸ್ಸಿನ ತಗಡು ಬಡಿಯುತ್ತಾರೆ. ಪ್ರೌಢಶಾಲೆಯ ಗಣಿತದ ಮೇಷ್ಟ್ರು ಹದಿನೇಳರ ಮಗ್ಗಿ ಬಂದಾಗ ಹುಡುಗರ ಕಡೆಗೆ ನೋಡುತ್ತಾರೆ, ಹುಡುಗರು ನಗದೆ ಹೇಳಿಕೊಡುತ್ತಾರೆ. ಹೆಣ್ಣು ನೋಡಲು ಬಂದವರು ಕಾಫಿ ಮುಗಿಯುವ ಮೊದಲೇ ‘ನಿಮ್ಮ ಹುಡುಗಿ ಏನು ಕೊಟ್ಟಿದ್ದಾಳೆ?’ ಎಂದು ಕೇಳುತ್ತಾರೆ. ‘ಕವಡೆ ಆಡೋದು’ ಎಂದರೆ ಸಮಾಧಾನ. ಕಳೆದುಕೊಂಡರೂ ಸಂಸಾರ ನಡೆಯುತ್ತದೆ. ನಾನು ಕೊಟ್ಟದ್ದು ಒಂದೇ ಕಣ್ಣು ಮಿಟುಕಿಸುವ ವಿದ್ಯೆ. ಅದಕ್ಕೆ ಸಿಕ್ಕಿದ ಹಡಗು ಆಟೋರಿಕ್ಷಾದಷ್ಟಿದೆ. ಎಂಟು ವರ್ಷದಿಂದ ಅದರಲ್ಲೇ ಅದಿರು ಹೊರುತ್ತಿದ್ದೇನೆ.

ಈ ಊರಿಗೆ ಬರುವ ಮೊದಲು ನಾನು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೆ. ಆದ್ದರಿಂದ ಕೈಪಿಡಿಯನ್ನು ಬರೆಯುವ ಕೆಲಸ ನನಗೇ ಬಂತು. ಮೊದಲ ಎರಡು ಮುದ್ರಣಗಳು ಹೀಗೆ ಶುರುವಾಗುತ್ತಿದ್ದವು: ‘ಹಡಗು ಒಡೆದರೆ ಅದಕ್ಕೆ ಕೊಟ್ಟ ವಿದ್ಯೆ ನಿಮ್ಮಿಂದ ಹೋಗುತ್ತದೆ, ತಿರುಗಿ ಬರುವುದಿಲ್ಲ. ಇಲ್ಲದಿದ್ದರೂ ಬದುಕು ನಡೆಯುವಂಥ ವಿದ್ಯೆಯನ್ನೇ ಕೊಡಿ.’ ಉಳಿದವು ಆಮೇಲೆ. ತರಬೇತಿಯ ಹಾರಾಟಗಳನ್ನು ಮುಗಿಸದೆ ದ್ವಾರ ದಾಟಬೇಡಿ. ಊಟಕ್ಕೆ ಏಳುವಾಗ ಹಡಗನ್ನು ನಿಲ್ದಾಣದೊಳಗೆ ಕಟ್ಟಿ ಏಳಿ. ನಿಮ್ಮ ಅದಿರನ್ನು ಎರಡರಷ್ಟು ಮಾಡಿಕೊಡುತ್ತೇನೆ ಎನ್ನುವವನಿಗೆ ಉತ್ತರ ಕೊಡಬೇಡಿ. ಕೆಣಕಿದರೆ ಕೆರಳಬೇಡಿ. ನಕ್ಷೆಯಲ್ಲಿ ಕೆಂಪಾಗಿ ಕಾಣುವ ನಕ್ಷತ್ರಗಳಲ್ಲಿ ಕಾವಲಿಲ್ಲ. ಅಲ್ಲಿಗೆ ಹೋಗಲೇಬೇಕಾದರೆ, ಶತ್ರು ಕಂಡ ತಕ್ಷಣ ಬಂದ ದ್ವಾರದ ಕಡೆಗೆ ತಿರುಗಿ ಓಡಿ. ಇಲ್ಲಿ ಕೊನೆಗೆ ಹೇಳಿದ್ದು ಏಳನೆಯ ಸೂಚನೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಮೂರನೆಯ ಮುದ್ರಣದ ಹೊತ್ತಿಗೆ ವಿರೂಪಣ್ಣ ಸಂಘದ ಅಧ್ಯಕ್ಷರಾಗಿದ್ದರು. ಕೆಂಪು ನಕ್ಷತ್ರವೊಂದರ ಅದಿರಿಗಾಗಿ ಹೊರಗಿನ ತಂಡವೊಂದರ ಜೊತೆ ಜಗಳ ಶುರುವಾಗಿತ್ತು. ಶಿಳ್ಳೆ, ಕವಡೆಗಳ ಹಡಗುಗಳಿಂದ ಯುದ್ಧ ಆಗುವುದಿಲ್ಲ. ಮುಂದೆ ನಿಂತು ಏಟು ತಿನ್ನಲು ದೊಡ್ಡ ಹಡಗು ಬೇಕು. ಅದಕ್ಕೆ ದೊಡ್ಡ ವಿದ್ಯೆ ಕೊಡುವಷ್ಟು ದಡ್ಡರು ಊರಿನಲ್ಲಿ ಯಾರೂ ಇರಲಿಲ್ಲ. ಹೊಸಬರು ಮಾತ್ರ ಇದ್ದರು. ಮೊದಲನೆಯ ಸೂಚನೆಯ ಜಾಗದಲ್ಲಿ ‘ದೊಡ್ಡ ವಿದ್ಯೆಗೆ ದೊಡ್ಡ ಹಡಗು. ಸಂಕೋಚ ಬೇಡ’ ಎಂದು ಬಂತು. ಆ ದಿನ ನಾನು ಪುಟದ ಅಂಚು, ಅಕ್ಷರದ ಅಳತೆ, ನಕ್ಷೆಯ ಬಣ್ಣ ನೋಡಿದೆ. ನಾನೇ ಬರೆದದ್ದನ್ನು ಓದಬೇಕಾಗಿಲ್ಲ ಎಂದುಕೊಂಡೆ. ಡೆಸ್ಕಿನಲ್ಲಿ ಈ ತಪ್ಪು ಮಾಡಿದ ಟ್ರೈನಿಗಳನ್ನು ನಾನು ಅಳುವವರೆಗೂ ಬೈದದ್ದಿದೆ.

ಜವರಯ್ಯ ನನ್ನ ಕಚೇರಿಗೆ ಬಂದದ್ದು ಒಂದು ಶುಕ್ರವಾರ, ಬೆಳಿಗ್ಗೆ ಹತ್ತೂವರೆಗೆ. ಅವನು ಊರಿಗೆ ಬಂದು ಐದು ವಾರವಾಗಿತ್ತು. ಮಿಕ್ಸಿ, ಗ್ರೈಂಡರು ರಿಪೇರಿ ಮಾಡುತ್ತಿದ್ದ. ಕೈಯಲ್ಲಿ ಮೂರನೆಯ ಮುದ್ರಣ ಇತ್ತು, ನಾಲ್ಕು ಬಾಳೆಹಣ್ಣೂ ಇದ್ದವು. ಜೊತೆಗೆ ಹೆಂಡತಿ ದೇವೀರಮ್ಮ ಇದ್ದಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ, ಮಾತಿಲ್ಲ. ಓದು ಬರಹ ಯಾರೂ ಕಲಿಸಿಲ್ಲ.

“ನಿಮ್ ಪುಸ್ತಕ ಓದೇ ಎಲ್ಲಾ ಮಾಡ್ದೆ ಮೇಡಮ್ಮೋರೆ,” ಎಂದ. “ಪಿಚ್ಚರ್ ಹಾಲ್‌ಗಿಂತ ದೊಡ್ಡ ಹಡಗು ಕೊಟ್ಟವ್ರೆ. ಭಾನುವಾರ ನಾನೇ ಮುಂದಾಳಂತೆ. ಅಧ್ಯಕ್ಷರು ಹೆಗಲ ಮ್ಯಾಲೆ ಕೈ ಹಾಕಿ ಹೇಳುದ್ರು.”

ಅವನು ಇದನ್ನು ಹೇಳುತ್ತಲೇ ಕೈಯಲ್ಲೂ ಹೆಂಡತಿಗೆ ಹೇಳುತ್ತಿದ್ದ. ದೇವೀರಮ್ಮ ಅಂಗೈಯನ್ನು ಮೂಗಿನ ಮುಂದೆ ಹಿಡಿದು ಉಬ್ಬಿಸಿ ತೋರಿಸಿದಳು. ಅವನು ನಕ್ಕ. “ಹಡಗು ಸಿಕ್ಕಿದ್ದೇ ಮೂಗು ದಪ್ಪ ಆಗೋಗದೆ ಇವ್ನುಗೆ ಅಂತಾವ್ಳೆ.”

“ಯಾವ ವಿದ್ಯೆ ಕೊಟ್ಟೆ?” ಎಂದು ಕೇಳಿದೆ.

“ಫಾರಮ್ಮಲ್ಲಿ ಕೇಳಿದ್ರಲ್ಲ, ನಿಮಗೆ ಅತ್ಯಂತ ಚೆನ್ನಾಗಿ ಬರುವ ವಿದ್ಯೆ ಯಾವ್ದು ಅಂತ. ರಿಪೇರಿ ಕಲ್ತು ಬರೀ ಮೂರೊರ್ಸ. ಇವಳ ಜೊತೆ ಕೈಮಾತಾಡಕ್ಕೆ ಸುರು ಮಾಡಿ ಹದ್ನಾಕೊರ್ಸ ಆಯ್ತು. ಅದ್ನೇ ಬರುದ್ಬುಟ್ಟೆ. ಗುಮಾಸ್ತರು ಎದ್ ನಿಂತ್ಕಂಬುಟ್ರು!”

ಊರಿನವರು ಯಾರೂ ಮಾಡದ ತಪ್ಪು ಇದು. ನಮ್ಮಲ್ಲಿ ಆ ಪ್ರಶ್ನೆಗೆ ಮಕ್ಕಳು ಕೂಡ ಸುಳ್ಳು ಬರೆಯುತ್ತಾರೆ. ಹೊಸಬನೊಬ್ಬ ಅದನ್ನು ಕೆಲಸದ ಅರ್ಜಿ ಎಂದುಕೊಂಡು, ತನ್ನಲ್ಲಿರುವ ಶ್ರೇಷ್ಠವಾದದ್ದನ್ನು ಸತ್ಯವಾಗಿ ಬರೆದಿದ್ದ.

ನಾನು ಅವನನ್ನು ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನ ಕೈಗಳು ನಡುವೆ ನಿಂತವು. ದೇವೀರಮ್ಮ ಅವನ ಮೊಣಕೈ ತಟ್ಟಿ, ಮುಂದೆ ಹೇಳು ಎಂದು ಗದ್ದ ಎತ್ತಿದಳು. ಅವನು ನಿಧಾನವಾಗಿ ಹೇಳಿ ಮುಗಿಸಿದ. ಅವಳು ನನ್ನ ಮೇಜಿನ ಮೇಲಿದ್ದ ಕೈಪಿಡಿಯನ್ನು ಎತ್ತಿಕೊಂಡು, ಪುಟ ತೆರೆದು ನನ್ನ ಮುಖದ ಮುಂದೆ ಹಿಡಿದಳು.

“ಅದು ಇದ್ರಲ್ಲಿ ಎಲ್ಲಿ ಬರ್ದದೆ ಅಂತ ಕೇಳ್ತಾವ್ಳೆ,” ಎಂದ ಜವರಯ್ಯ.

ಓದು ಬಾರದ ಹೆಂಗಸು ಕೇಳಿದ ಮೇಲೆ ನಾನು ಮೊದಲ ಬಾರಿಗೆ ಆ ಪುಟವನ್ನು ಓದಿದೆ.

ದಾರಿ ಒಂದಿತ್ತು. ಹಡಗು ಒಡೆಯುವ ಮೊದಲು ಅಧ್ಯಕ್ಷರು ಸಹಿ ಹಾಕಿದರೆ ಅದನ್ನು ಬಿಚ್ಚಬಹುದು, ವಿದ್ಯೆ ಉಳಿಯುತ್ತದೆ. ಬೇರೆ ಸಣ್ಣ ವಿದ್ಯೆ ಕೊಟ್ಟು ಸಣ್ಣ ಹಡಗು ಪಡೆಯಬಹುದು. ಅರ್ಜಿಯನ್ನು ನಾನೇ ಬರೆದು ಹನ್ನೊಂದೂಕಾಲಿಗೆ ವಿರೂಪಣ್ಣನವರ ಮುಂದೆ ಇಟ್ಟೆ. ಅವರು ಹಜಾರದ ತುದಿಯ ಕೋಣೆಯಲ್ಲಿ ನಕ್ಷೆಯ ಮೇಲೆ ಗುಂಡುಪಿನ್ನು ಚುಚ್ಚುತ್ತ ಕೂತಿದ್ದರು.

“ಸೋಮವಾರ ಬನ್ನಿ ಮೇಡಂ, ಕಣ್ಮುಚ್ಕೊಂಡು ಸಹಿ ಹಾಕ್ತೀನಿ.”

“ಯುದ್ಧ ಭಾನುವಾರ ಇದೆ.”

“ಅದಕ್ಕೇ ಸೋಮವಾರ ಅಂದದ್ದು.”

“ಆ ಹಡಗು ಒಡೆದ್ರೆ ಅವನು ಹೆಂಡತಿ ಜೊತೆ ಮಾತಾಡೋ ಹಾಗಿಲ್ಲ ವಿರೂಪಣ್ಣ. ಊರಲ್ಲಿ ಅವಳ ಮಾತು ಬರೋದು ಅವನೊಬ್ಬನಿಗೇ.”

“ನೋಡಿ, ನಾನೇನು ಕಟುಕನಲ್ಲ. ಮುಂದಿನ ಸಾಲಿಗೆ ಇರೋದೇ ಅದೊಂದು ಹಡಗು. ಅದಿಲ್ಲದಿದ್ರೆ ಹಿಂದಿರೋ ನಲವತ್ತು ಹಡಗು ಹೋಗುತ್ತೆ. ನಲವತ್ತು ಮನೆ! ನೀವು ಪೇಪರ್‌ನೋರು, ಲೆಕ್ಕ ನೀವೇ ಹೇಳಿ.”

“ಆ ನಲವತ್ತು ಜನ ಏನೇನು ಕಳ್ಕೋತಾರೆ? ಶಿಳ್ಳೆ, ಕವಡೆ, ಗಾಳಿಪಟ. ನನ್ನ ಹತ್ರ ಪಟ್ಟಿ ಇದೆ. ಓದ್ಲಾ?”

“ಎಲ್ಲರದೂ ವಿದ್ಯೆನೇ ಮೇಡಂ. ಇಂಥೋರದು ಹೆಚ್ಚು, ಇಂಥೋರದು ಕಡಿಮೆ ಅಂತ ನಾವು ಹೇಳಬಾರದು.”

“ಮೊದಲನೇ ಸೂಚನೆ ತೆಗೆದವರು ಯಾರು?”

ಅವರು ಮೇಜಿನ ಸೆಳೆಖಾನೆ ತೆಗೆದು ಪ್ರೂಫನ್ನು ಹೊರಗಿಟ್ಟರು. ಕೆಳಗೆ ನನ್ನ ಸಹಿ, ದಿನಾಂಕ. “ತೆಗೆಸಿದವನು ನಾನು. ಹೆದರಿಸಿದ್ರೆ ಯಾರೂ ಬರಲ್ಲ ಅಂತ. ಒಪ್ಪಿದವರು ನೀವು. ಸಹಿ ಸುಂದರವಾಗಿದೆ.”

ನಾನು ಆ ಕೋಣೆಯಲ್ಲಿ ಆಡಿದ ಉಳಿದ ಮಾತುಗಳನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಹಜಾರದಲ್ಲಿ ಹೆಡ್‌ಫೋನ್ ಹಾಕಿಕೊಂಡಿದ್ದವರು ಕೂಡ ಅವುಗಳನ್ನು ತೆಗೆದು ಕೇಳಿಸಿಕೊಂಡರು. ಅವರಲ್ಲಿ ಒಬ್ಬರೂ ಏಳಲಿಲ್ಲ. ಭಾನುವಾರ ಅವರೆಲ್ಲ ಆ ಹಡಗಿನ ಹಿಂದೆ ಇರುವವರು.

ಜವರಯ್ಯನಿಗೆ ಉಳಿದದ್ದು ಎರಡೇ ದಾರಿ. ಅವನು ಹಿಂದಿನ ಭಾನುವಾರ ಬೆಳಿಗ್ಗೆ ಕೊನೆಯ ಸಲ ಹಾರಿಸಿದ್ದ. ಈ ಭಾನುವಾರ ಯುದ್ಧದ ಹೊತ್ತಿಗೆ ಹಾರಿಸದಿದ್ದರೆ ಏಳು ದಿನ ಮುಗಿದು ಹಡಗು ಸಂಘಕ್ಕೆ ಹೋಗುತ್ತದೆ, ವಿರೂಪಣ್ಣ ತಮ್ಮವರೊಬ್ಬರನ್ನು ಕೂರಿಸಿ ಹಾರಿಸುತ್ತಾರೆ. ಆ ದಿನ ಬೇರೆ ಹಾರಾಟಕ್ಕೆ ದ್ವಾರ ತೆರೆಯುವುದಿಲ್ಲ ಎಂದು ಫಲಕದ ಮೇಲೆ ಬರೆದಾಗಿತ್ತು. ಅದಕ್ಕಿಂತ ಮೊದಲು, ಶುಕ್ರವಾರ ಮಧ್ಯಾಹ್ನವೇ, ಯುದ್ಧದ ಹಡಗುಗಳಿಗೆ ನಿಲ್ದಾಣದಲ್ಲಿ ಬೀಗ ಹಾಕಿದ್ದರು. ಹಾಗಾಗಿ ಅವನೇ ಹಾರಿಸಬೇಕು, ಹಾರಿಸಿ ತಪ್ಪಿಸಿಕೊಳ್ಳಬೇಕು.

ಶನಿವಾರ ಇಡೀ ದಿನ ಅವರ ಮನೆಯ ಜಗಲಿಯ ಮೇಲೆ ಕೂತು ಅವನಿಗೆ ಪಾಠ ಹೇಳಿದೆ. ಸೀಮೆಸುಣ್ಣದಲ್ಲಿ ದ್ವಾರ ಬರೆದೆ, ನಕ್ಷತ್ರ ಬರೆದೆ, ಶತ್ರುಗಳಿಗೆ ಹುಣಸೆ ಬೀಜ ಇಟ್ಟೆ. ಅವನ ಹಡಗಿಗೆ ದೇವೀರಮ್ಮ ಒಳಗಿನಿಂದ ಚಪಾತಿಯ ಮಣೆಯನ್ನೇ ತಂದಿಟ್ಟಳು.

“ದ್ವಾರ ದಾಟಿದ ಮೇಲೆ ವಿರೂಪಣ್ಣ ಏನು ಕೂಗಿದ್ರೂ ಕಿವಿಗೆ ಹಾಕ್ಕೋಬೇಡ. ಶತ್ರು ಬೈದ್ರೆ ಉತ್ತರ ಕೊಡಬೇಡ. ಕಂಡ ತಕ್ಷಣ ಬಂದ ದ್ವಾರಕ್ಕೆ ತಿರುಗಿಸು, ಓಡು. ಏಳನೇ ಸೂಚನೆ. ಎಂಟು ವರ್ಷ ನನ್ನನ್ನ ಉಳಿಸಿರೋದು ಅದೇ.”

“ಹೇಡಿ ಅನ್ನಕಿಲ್ವಾ ಜನ?”

ಅವನು ಇದನ್ನು ಕೈಯಲ್ಲೂ ಕೇಳಿದ್ದರಿಂದ ದೇವೀರಮ್ಮ ತಾನೇ ಉತ್ತರ ಕೊಟ್ಟಳು. ಅವನ ಮುಖ ಕೆಂಪಾಯಿತು. ಏನಂದಳು ಎಂದು ಕೇಳಿದೆ. “ಬುಡಿ ಮೇಡಮ್ಮೋರೆ, ಅದೆಲ್ಲ ಹೇಳಕಾಗಕಿಲ್ಲ,” ಎಂದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳು ನಗುವುದನ್ನು ನಾನು ನೋಡಿದ್ದು ಆಗ ಮಾತ್ರ.

ಮಧ್ಯಾಹ್ನ ಊಟ ಬಡಿಸುವಾಗಲೂ ಅವರ ಮಾತು ನಿಲ್ಲಲಿಲ್ಲ. ಅವನ ಒಂದು ಕೈ ಎಂಜಲು, ಅರ್ಧ ಮಾತನ್ನು ಹುಬ್ಬಿನಲ್ಲಿ ಆಡುತ್ತಿದ್ದ. ಅವಳು ಬಡಿಸುವ ಸೌಟನ್ನೇ ಅಲ್ಲಾಡಿಸಿ ಬೈಯುತ್ತಿದ್ದಳು. ಈ ಕೈಮಾತನ್ನು ಅವಳಿಗೆ ಕಲಿಸಿದವಳು ಅವಳ ತಾಯಿ, ಆ ತಾಯಿಗೂ ಕಿವಿ ಕೇಳುತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅದನ್ನು ಆಡುವವರು ಜಗತ್ತಿನಲ್ಲಿ ಇಬ್ಬರೇ ಉಳಿದಿದ್ದರು. ಇಬ್ಬರೂ ನನ್ನ ಎದುರಿಗೆ ಕೂತು ಸಾರಿನಲ್ಲಿ ಉಪ್ಪು ಹೆಚ್ಚಾಗಿದೆಯೇ ಇಲ್ಲವೇ ಎಂದು ಜಗಳವಾಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಯುದ್ಧ ಶುರುವಾಯಿತು. ಜವರಯ್ಯ ಮೂವತ್ತೆರಡನೆಯ ಕಂಪ್ಯೂಟರಿನಲ್ಲಿದ್ದ. ನಾನೂ ದೇವೀರಮ್ಮನೂ ಅವನ ಕುರ್ಚಿಯ ಹಿಂದೆ ನಿಂತಿದ್ದೆವು. ಹನ್ನೊಂದು ಇಪ್ಪತ್ತಕ್ಕೆ ಅವನ ಹಡಗು ಕೆಂಪು ನಕ್ಷತ್ರದ ದ್ವಾರ ದಾಟಿತು. ಹನ್ನೊಂದು ಇಪ್ಪತ್ತೆರಡಕ್ಕೆ ಪರದೆಯ ಮೇಲೆ ಶತ್ರುಗಳು ಕಂಡರು, ಅರವತ್ತಕ್ಕೂ ಹೆಚ್ಚು. ಹೆಡ್‌ಫೋನಿನಲ್ಲಿ ವಿರೂಪಣ್ಣ “ಮುಂದಕ್ಕೆ ನಡಿ, ಮುಂದಕ್ಕೆ ನಡಿ!” ಎಂದು ಕೂಗುತ್ತಿದ್ದದ್ದು ನನಗೂ ಕೇಳುತ್ತಿತ್ತು. ಜವರಯ್ಯ ನಾನು ಹೇಳಿದ್ದನ್ನು ಅಕ್ಷರಶಃ ಮಾಡಿದ. ಹಡಗನ್ನು ತಿರುಗಿಸಿದ.

ಅದು ತಿರುಗಲಿಲ್ಲ. ತಿರುಗಲಿಲ್ಲ ಎಂಬುದು ತಪ್ಪು. ತಿರುಗುತ್ತಿತ್ತು, ನಿಧಾನವಾಗಿ. ನನ್ನ ಆಟೋರಿಕ್ಷಾ ಮೂರು ಸೆಕೆಂಡಿನಲ್ಲಿ ತಿರುಗುತ್ತದೆ. ಪಿಕ್ಚರ್ ಹಾಲಿನಷ್ಟು ದೊಡ್ಡ ಹಡಗು ತಿರುಗಲು ತೊಂಬತ್ತು ಸೆಕೆಂಡು ಬೇಕು, ತಿರುಗುವಾಗ ಅದು ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಅಂಥ ಹಡಗು ತಪ್ಪಿಸಿಕೊಳ್ಳಬೇಕಾದರೆ ತಿರುಗಬಾರದು. ಇದ್ದ ವೇಗದಲ್ಲೇ ಶತ್ರುಗಳ ನಡುವೆ ನೇರವಾಗಿ ನುಗ್ಗಿ ಎದುರಿನ ದ್ವಾರ ದಾಟಬೇಕು. ಇದನ್ನು ನಾನು ಆಮೇಲೆ, ದೊಡ್ಡ ಹಡಗು ಹಾರಿಸಿದ್ದ ಒಬ್ಬರೇ ಒಬ್ಬರು ಮುದುಕರನ್ನು ಹುಡುಕಿ ಕೇಳಿ ತಿಳಿದುಕೊಂಡೆ. ಏಳನೆಯ ಸೂಚನೆಯನ್ನು ಬರೆಯುವ ಮೊದಲು ಕೇಳಬೇಕಾಗಿತ್ತು. ಮೂರು ಮುದ್ರಣಗಳಲ್ಲೂ ಅದು ಹಾಗೇ ಇದೆ, ಮೂರರಲ್ಲೂ ತಪ್ಪೇ. ಅದನ್ನು ಯಾರೂ ತಿದ್ದಿ ಕೆಡಿಸಲಿಲ್ಲ, ಕೆಟ್ಟದ್ದನ್ನೇ ನಾನು ಬರೆದಿದ್ದೆ.

ಹನ್ನೊಂದು ಇಪ್ಪತ್ತಮೂರಕ್ಕೆ ಹಡಗು ಒಡೆಯಿತು.

ಜವರಯ್ಯ ಹೆಡ್‌ಫೋನ್ ತೆಗೆದು ಕುರ್ಚಿ ತಿರುಗಿಸಿದ. ದೇವೀರಮ್ಮ ಎರಡು ಕೈಗಳಿಂದಲೂ ಏನೋ ಕೇಳಿದಳು. ಅವನು ಅವಳ ಮುಖ ನೋಡಿದ, ಕೈ ನೋಡಿದ, ಮತ್ತೆ ಮುಖ ನೋಡಿದ. ಅವಳು ಅದನ್ನೇ ಇನ್ನೊಮ್ಮೆ, ನಿಧಾನವಾಗಿ ಕೇಳಿದಳು. “ಏನಂತಾವ್ಳೆ ಮೇಡಮ್ಮೋರೆ?” ಎಂದು ಅವನು ನನ್ನನ್ನು ಕೇಳಿದ.

ಆ ಯುದ್ಧವನ್ನು ನಮ್ಮವರು ಗೆದ್ದರು. ಸಂಜೆ ಹಜಾರದಲ್ಲಿ ಕೇಸರಿಬಾತು ಹಂಚಿದರು. ಸಾಲದ್ದಕ್ಕೆ ಮರುದಿನ ವಿರೂಪಣ್ಣ ಹಡಗು ಬಿಚ್ಚುವ ಅರ್ಜಿಗೆ ಸಹಿ ಹಾಕಿ ನನ್ನ ಮೇಜಿಗೆ ಕಳಿಸಿದರು. ಹೇಳಿದ್ದ ಮಾತಿನಂತೆ ಸೋಮವಾರವೇ.

ಆಮೇಲಿನದನ್ನು ನಾನು ದಿನವೂ ಹೋಗಿ ನೋಡಿ ಬರೆದಿಟ್ಟುಕೊಂಡಿದ್ದೇನೆ. ಮೊದಲ ಒಂಬತ್ತು ದಿನ ದೇವೀರಮ್ಮ ಅವನಿಗೆ ಹಳೆಯ ಕೈಮಾತನ್ನೇ ಕಲಿಸಿದಳು. ನೀರು, ಅನ್ನ, ಬಾ, ಕೂರು. ಸಂಜೆಯವರೆಗೆ ಬರುತ್ತಿತ್ತು, ಬೆಳಿಗ್ಗೆ ಹೋಗಿರುತ್ತಿತ್ತು. ಹತ್ತನೆಯ ದಿನ ಸಿಟ್ಟಿನಲ್ಲಿ ಅವಳು ತಟ್ಟೆಯನ್ನು ನೆಲಕ್ಕೆ ಕುಕ್ಕಿ, ಮುಷ್ಟಿಯನ್ನು ಹಣೆಗೆ ಎರಡು ಸಲ ಗುದ್ದಿಕೊಂಡಳು. ಹಿಂದೆಂದೂ ಮಾಡಿರದ ಸನ್ನೆ ಅದು. ಮಾರನೆಯ ಬೆಳಿಗ್ಗೆ ಜವರಯ್ಯ ಅದನ್ನು ಮಾಡಿ ತೋರಿಸಿದ, ‘ಸಿಟ್ಟು ಬಂದದಾ?’ ಎಂದು ಕೇಳುವವನ ಹಾಗೆ. ಅದು ಉಳಿದಿತ್ತು. ಹೋದದ್ದು ಅವನು ಕೊಟ್ಟ ಭಾಷೆ ಮಾತ್ರ. ಆ ಭಾಷೆಯಲ್ಲಿ ಇಲ್ಲದ ಸನ್ನೆಯನ್ನು ಆಟ ಮುಟ್ಟುವ ಹಾಗಿರಲಿಲ್ಲ.

ಅಂದಿನಿಂದ ಅವಳು ಹೊಸ ಸನ್ನೆಗಳನ್ನು ಕಟ್ಟುತ್ತಿದ್ದಾಳೆ. ನೀರಿಗೆ ಹೊಸದು, ಅನ್ನಕ್ಕೆ ಹೊಸದು. ತಾಯಿ ಕಲಿಸಿದ ಸನ್ನೆಗೆ ಹೋಲಿಕೆ ಬಂದರೆ ಅದು ನಿಲ್ಲುವುದಿಲ್ಲ. ಆದ್ದರಿಂದ ತನ್ನ ಕೈಗೆ ತಾನಾಗಿ ಬರುವುದನ್ನೆಲ್ಲ ತಡೆದು, ಬರದೇ ಇರುವುದನ್ನು ಹುಡುಕಬೇಕು. ಎರಡು ತಿಂಗಳಲ್ಲಿ ಮೂವತ್ತೊಂದು ಆಗಿವೆ. ಮೂವತ್ತೊಂದು ಮಾತಿನಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನಬಹುದು. ಜಗಳವಾಡಲು ಸಾಲುವುದಿಲ್ಲ.

ಊರಿನಲ್ಲಿ ಇದು ಸುದ್ದಿಯಾಯಿತು. ಕಳೆದ ವಾರ ವಿರೂಪಣ್ಣ ನನ್ನ ಕಚೇರಿಗೆ ಬಂದು ಒಂದು ಹಾಳೆ ಕೊಟ್ಟರು. ನಾಲ್ಕನೆಯ ಮುದ್ರಣಕ್ಕೆ. ಮೇಲೆ ‘ಕಳೆದುಕೊಂಡರೂ ಗೆದ್ದವರು’ ಎಂದಿತ್ತು. ಜವರಯ್ಯ ದಂಪತಿಯ ಕಥೆ, ಫೋಟೊ ಸಹಿತ.

“ಹೊಸಬರಿಗೆ ಧೈರ್ಯ ಬರುತ್ತೆ ಮೇಡಂ. ಸ್ವಲ್ಪ ತಿದ್ದಿಕೊಡಿ, ನಿಮ್ಮ ಕೈ ಬಿದ್ರೆ ಚೆನ್ನಾಗಿರುತ್ತೆ.”

“ಮೊದಲನೇ ಸೂಚನೆ ವಾಪಸ್ ಬಂದ್ರೆ ಮಾತ್ರ ನಾಲ್ಕನೇ ಮುದ್ರಣ. ಇಲ್ದಿದ್ರೆ ನೀವೇ ಬರ್ಕೊಳಿ, ನೀವೇ ಅಚ್ಚುಮೊಳೆ ಜೋಡಿಸಿ. ಏಳನೇದು ಹೊಸದಾಗಿ ಬರೀತೀನಿ, ಅದು ನನ್ನ ತಪ್ಪು.”

“ಅದನ್ನ ಆಮೇಲೆ ನೋಡೋಣ. ಈ ಹಾಳೆಗೆ ಏನಂತೀರಿ?”

“ನಾನು ಅನ್ನೋದಕ್ಕೆ ಇದು ನನ್ನ ಕಥೆ ಅಲ್ಲ. ಅವಳನ್ನ ಕೇಳ್ಬೇಕು.”

ಹಾಳೆ ಹಿಡಿದು ಅವರ ಮನೆಗೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಜವರಯ್ಯ ಹೊಸ್ತಿಲಲ್ಲಿ ಕೂತು ಮಿಕ್ಸಿಯ ಜಾರಿಗೆ ಬ್ಲೇಡು ಕೂರಿಸುತ್ತಿದ್ದ. ಹಾಳೆಯಲ್ಲಿದ್ದದ್ದನ್ನು ಅವನಿಗೆ ಓದಿ ಹೇಳಿದೆ. ಅವನು ತನಗೆ ಗೊತ್ತಿರುವ ಮೂವತ್ತೊಂದು ಸನ್ನೆಗಳಲ್ಲಿ ಎಷ್ಟಾಗುತ್ತದೋ ಅಷ್ಟನ್ನು ದೇವೀರಮ್ಮನಿಗೆ ಹೇಳಿದ. ಫೋಟೊ ತೋರಿಸಿದ. ಸಂಘದ ಹಜಾರದ ದಿಕ್ಕಿಗೆ ಬೆರಳು ಮಾಡಿದ. ಅವಳಿಗೆ ಅರ್ಥವಾಯಿತು.

ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಉತ್ತರ ಕೊಟ್ಟಳು. ಹಳೆಯ ಭಾಷೆಯಲ್ಲಿ, ತಾಯಿಯ ಭಾಷೆಯಲ್ಲಿ. ಕೈಗಳು ಎದೆಯ ಮುಂದೆ, ಮುಖದ ಮುಂದೆ, ಗಾಳಿಯಲ್ಲಿ ಓಡಾಡಿದವು. ಬೆರಳುಗಳು ಚಟಪಟ ಬಡಿದುಕೊಂಡವು. ನಡುವೆ ಒಮ್ಮೆ ನನ್ನ ಕಡೆಗೆ ಬೆರಳು ಬಂತು, ಒಮ್ಮೆ ಗಂಡನ ಕಡೆಗೆ, ಬಹಳ ಸಲ ಹಜಾರದ ಕಡೆಗೆ. ಎರಡು ತಿಂಗಳು ಮೂವತ್ತೊಂದು ಮಾತಿನೊಳಗೆ ಹಿಡಿಸದೆ ಉಳಿದದ್ದೆಲ್ಲ ಒಟ್ಟಿಗೆ ಬರುತ್ತಿತ್ತು. ಏನೆನ್ನುತ್ತಿದ್ದಾಳೆ ಎಂದು ನಾನು ಜವರಯ್ಯನ ಮುಖ ನೋಡಿದೆ. ಅವನು ತಲೆ ಅಲ್ಲಾಡಿಸಿದ. ಅವನ ಕಣ್ಣು ಅವಳ ಕೈಯನ್ನು ಬಿಟ್ಟು ಕದಲಲಿಲ್ಲ, ಆದರೆ ಒಂದು ಮಾತೂ ಅವನಿಗೆ ತಿಳಿಯುತ್ತಿರಲಿಲ್ಲ. ಏಳು ನಿಮಿಷ ಆಯಿತು. ಅವಳು ಮುಗಿಸುವವರೆಗೆ ಇಬ್ಬರೂ ನೋಡುತ್ತಲೇ ಇದ್ದೆವು.

ಮುಗಿಸಿ ಅವಳು ಉಸಿರು ತೆಗೆದುಕೊಂಡಳು. ಆಮೇಲೆ ಗಂಡನ ಕಡೆಗೆ ತಿರುಗಿ, ಅಂಗೈಯ ಹಿಂಬದಿಯಿಂದ ಗಾಳಿಯನ್ನು ಒಮ್ಮೆ ಗುಡಿಸಿದಳು. ಅದು ಹೊಸ ಸನ್ನೆ, ಅವನಿಗೆ ಗೊತ್ತಿತ್ತು.

“ಹೊರಕ್ ನಡೀರಿ ಅಂತಾವ್ಳೆ ಮೇಡಮ್ಮೋರೆ,” ಎಂದ. “ನಿಮ್ಗೊಬ್ರುಗೇ ಅಲ್ಲ, ನಂಗೂನೂವೆ.”

ಅವನು ಮಿಕ್ಸಿಯ ಜಾರನ್ನು ಎತ್ತಿಕೊಂಡ, ನಾನು ಹಾಳೆಯನ್ನು ಎತ್ತಿಕೊಂಡೆ. ಇಬ್ಬರೂ ಹೊರಗೆ ಬಂದೆವು. ಹಿಂದೆ ಬಾಗಿಲು ಹಾಕಿಕೊಂಡಿತು.